ಪಿಚರ್‌ಗಳು ಆಟ ಬಿಡುವ ಹೊತ್ತು: ಬೇಸ್‌ಬಾಲ್ ರೆಫರೆನ್ಸ್ ವೆಬ್‌ಸೈಟ್ ಎಷ್ಟು ಹೇಳುತ್ತೆ, ಎಷ್ಟು ಹೇಳಲ್ಲ

ಬೇಸ್‌ಬಾಲ್ ರೆಫರೆನ್ಸ್ ಅಂತ ಒಂದು ವೆಬ್‌ಸೈಟ್ ಇದೆ. ಆಟಗಾರರ ಪುಟ ನೋಡೋಕೆ ದುಡ್ಡು ಕೊಡಬೇಕಿಲ್ಲ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಒಂದೇ ಒಂದು ಪಂದ್ಯ ಆಡಿ ಮನೆಗೆ ಹೋದವನಿಗೂ ಅಲ್ಲಿ ಒಂದು ಪುಟ ಉಂಟು. ನಾನು ಅಲ್ಲಿಗೆ ಹೋಗುವುದು ಪಿಚರ್‌ಗಳನ್ನು (ಕ್ರಿಕೆಟ್‌ನ ಬೌಲರ್ ಥರ ಚೆಂಡು ಎಸೆಯುವವರನ್ನು) ನೋಡೋಕೆ, ಅದರಲ್ಲೂ ಅವರ ಕೊನೆಯ ನಾಲ್ಕೈದು ವರ್ಷಗಳನ್ನು ನೋಡೋಕೆ. ಒಬ್ಬ ಪಿಚರ್ ಆಗಲೇ ಯಾಕೆ ಆಟ ಬಿಟ್ಟ ಅನ್ನೋ ಪ್ರಶ್ನೆಗೆ ಈ ಸೈಟ್ ಕೆಲವು ಸಲ ಪಟ್ಟಂತ ಉತ್ತರ ಕೊಡುತ್ತೆ. ಕೆಲವು ಸಲ ಬಾಯೇ ಬಿಡಲ್ಲ.

ಪುಟದ ಮೇಲ್ಭಾಗದಲ್ಲಿ ಹೆಸರು, ಎತ್ತರ, ಯಾವ ಕೈ, ಮೊದಲ ಪಂದ್ಯ, ಕೊನೆಯ ಪಂದ್ಯ. ಆ ದಿನದ ವಯಸ್ಸನ್ನು ವರ್ಷ ಮತ್ತು ದಿನಗಳಲ್ಲಿ ಹಾಕಿರುತ್ತಾರೆ. ಕೆಳಗೆ ವರ್ಷಕ್ಕೊಂದು ಸಾಲು: ಗೆಲುವು, ಸೋಲು, ಇಆರ್‌ಎ, ಇನ್ನಿಂಗ್ಸ್ (ಎದುರಾಳಿಯ ಮೂವರು ಔಟ್ ಆದರೆ ಒಂದು), ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್‌ನನ್ನು ಔಟ್ ಮಾಡಿದ್ದು). ಇಆರ್‌ಎ ಅಂದರೆ ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟು ಒಂಬತ್ತು ಇನ್ನಿಂಗ್ಸ್‌ಗೆ ಎಷ್ಟು ರನ್ ಕೊಟ್ಟ ಅನ್ನೋ ಲೆಕ್ಕ, ಕಡಿಮೆ ಇದ್ದಷ್ಟೂ ಒಳ್ಳೆಯದು. ಕಾಲಂಗಳ ಹೆಸರೆಲ್ಲ ಕೆಲವೇ ಅಕ್ಷರದವು, ಹೊಸಬರಿಗೆ ಮೊದಮೊದಲು ತಲೆಬುಡ ಗೊತ್ತಾಗಲ್ಲ. ನನ್ನ ಸಲಹೆ ಇಷ್ಟೇ, ಗೆಲುವು ಸೋಲು ಬಿಟ್ಟು ಇನ್ನಿಂಗ್ಸ್ ಕಾಲಂ ನೋಡಿ. ಕೈ ಸೋಲ್ತಾ ಇದೆ ಅನ್ನೋದು ಎಷ್ಟೋ ಸಲ ಮೊದಲು ಅಲ್ಲೇ ಕಾಣುತ್ತೆ.

ಫೆಲಿಕ್ಸ್ ಹೆರ್ನಾಂಡೆಸ್ ಪುಟ ತೆಗೆಯಿರಿ. 2014ರಲ್ಲಿ 236 ಇನ್ನಿಂಗ್ಸ್, ಇಆರ್‌ಎ 2.14. 2017ಕ್ಕೆ ಬಂದರೆ ಇನ್ನಿಂಗ್ಸ್ 86ಕ್ಕೆ ಇಳಿದಿದೆ. 2019ರಲ್ಲಿ ಒಂದು ಗೆಲುವು, ಎಂಟು ಸೋಲು, ಇಆರ್‌ಎ 6.40. ಅಲ್ಲಿಗೆ ಮುಗೀತು, ವಯಸ್ಸು ಇನ್ನೂ 33. ಆಮೇಲೆ ಬೇರೆ ಎರಡು ತಂಡಗಳ ತರಬೇತಿ ಶಿಬಿರಕ್ಕೆ ಹೋಗಿ ಬಂದ, ಆದರೆ ಲೀಗ್‌ನಲ್ಲಿ ಮತ್ತೆ ಒಂದು ಎಸೆತವನ್ನೂ ಎಸೆಯಲಿಲ್ಲ. ಹೆಚ್ಚಿನ ಪಿಚರ್‌ಗಳ ಕಥೆ ಹೀಗೇ ಅಲ್ವಾ? ಭಾಷಣ ಇಲ್ಲ, ಹೂವಿನ ಹಾರ ಇಲ್ಲ. ತಂಡಗಳಿಂದ ಫೋನ್ ಬರೋದು ನಿಂತುಹೋಗುತ್ತೆ, ಅಷ್ಟೇ.

ಈಗ ಸ್ಯಾಂಡಿ ಕೂಫಾಕ್ಸ್. 1966ರ ಸಾಲು ಓದಿ: 27 ಗೆಲುವು, 9 ಸೋಲು, ಇಆರ್‌ಎ 1.73, 323 ಇನ್ನಿಂಗ್ಸ್, 317 ಸ್ಟ್ರೈಕ್‌ಔಟ್. ಲೀಗ್‌ನಲ್ಲೇ ಮೊದಲಿಗ ಆದರೆ ಆ ಅಂಕಿಯನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ, ಈ ಸಾಲಿನ ತುಂಬಾ ದಪ್ಪ ಅಕ್ಷರಗಳೇ. ಅದರ ಕೆಳಗೆ ಏನೂ ಇಲ್ಲ. ಲೀಗ್ ಹಂತದ ಕೊನೆಯ ಪಂದ್ಯ ಅಕ್ಟೋಬರ್ 2, ವಯಸ್ಸು 30 ವರ್ಷ 276 ದಿನ. ಎಡ ಮೊಣಕೈಯಲ್ಲಿ ಸಂಧಿವಾತ, ಆಡಬೇಕಾದರೆ ಕಾರ್ಟಿಸೋನ್ ಇಂಜೆಕ್ಷನ್, ನೋವಿನ ಮಾತ್ರೆ, ಪಂದ್ಯ ಮುಗಿದ ಮೇಲೆ ಮಂಜುಗಡ್ಡೆ ನೀರಿನಲ್ಲಿ ಕೈ. ಇನ್ನೂ ಮುಂದುವರಿದರೆ ಆ ಕೈ ಶಾಶ್ವತವಾಗಿ ಹೋಗುತ್ತೆ ಅನ್ನೋ ಭಯಕ್ಕೆ ಆ ನವೆಂಬರ್‌ನಲ್ಲಿ ಸಾಕು ಅಂದ. ಅಂಕಿ ಮಾತ್ರ ನೋಡಿದರೆ ಈ ಮನುಷ್ಯ ಇನ್ನೂ ಹತ್ತು ವರ್ಷ ಆಡಬಹುದಿತ್ತು ಅನಿಸುತ್ತೆ. ಸೈಟ್ ಸೋಲೋದು ಇಲ್ಲೇ.

ಮೈಕ್ ಮುಸಿನಾ ಪುಟವೂ ಹಾಗೇ ದಾರಿ ತಪ್ಪಿಸುತ್ತೆ. 2008ರಲ್ಲಿ, 39ನೇ ವಯಸ್ಸಿಗೆ, ಜೀವನದಲ್ಲಿ ಮೊದಲ ಸಲ ಒಂದು ಸೀಸನ್‌ನಲ್ಲಿ 20 ಪಂದ್ಯ ಗೆದ್ದ. ಒಟ್ಟು 270. ಇನ್ನು 30 ಗೆದ್ದಿದ್ದರೆ 300, ಪಿಚರ್‌ಗಳು ಕನಸಲ್ಲಿ ಕಾಣುವ ಸಂಖ್ಯೆ. ಬೇಡ ಅಂತ ಮನೆಗೆ ಹೋದ. ನನಗೆ ಇವನೇ ಎಲ್ಲರಿಗಿಂತ ಇಷ್ಟ, ಸುಮ್ನೆ ಹೇಳ್ತಿದ್ದೀನಿ.

ಪುಟದ ತಳಕ್ಕೆ ಹೋದರೆ ಸಂಬಳದ ಪಟ್ಟಿ. ಜನ ಇದನ್ನು ನೋಡೋದೇ ಕಡಿಮೆ, ಆದರೆ ಈಗಿನ ಕಾಲದ ನಿವೃತ್ತಿ ಅರ್ಥ ಆಗಬೇಕಾದರೆ ಇದು ಬೇಕೇ ಬೇಕು. ಮೇಜರ್ ಲೀಗ್ ಒಪ್ಪಂದದಲ್ಲಿ ಸಾಮಾನ್ಯವಾಗಿ ಗಾಯವಾಗಿ ಕೂತವನಿಗೂ ಪೂರ್ತಿ ಸಂಬಳ ಬರುತ್ತೆ, ತಾನಾಗಿ ಬಿಟ್ಟರೆ ಉಳಿದದ್ದು ಹೋಗುತ್ತೆ. ಹಾಗಾಗಿ ಕೊನೆಯ ಪಂದ್ಯದ ತಾರೀಖು ಬೇರೆ, ಕಾಗದದ ಮೇಲಿನ ನಿವೃತ್ತಿ ಬೇರೆ. ಸ್ಟೀಫನ್ ಸ್ಟ್ರಾಸ್‌ಬರ್ಗ್ 2019ರ ವರ್ಲ್ಡ್ ಸೀರೀಸ್ (ಲೀಗ್‌ನ ಫೈನಲ್) ಗೆಲ್ಲಿಸಿ ಏಳು ವರ್ಷಕ್ಕೆ 24.5 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡ. ಆಮೇಲೆ ಆಡಿದ್ದು ಬರೀ ಎಂಟು ಪಂದ್ಯ. ಕುತ್ತಿಗೆ ಮತ್ತು ಭುಜದ ಹತ್ತಿರ ನರ ಒತ್ತುವ ತೊಂದರೆ. 2022ರ ಜೂನ್‌ನಲ್ಲೇ ಆಟ ಮುಗಿದಿತ್ತು, ನಿವೃತ್ತಿ ಅಧಿಕೃತ ಆಗಿದ್ದು 2024ರ ಏಪ್ರಿಲ್‌ನಲ್ಲಿ. ಇದಕ್ಕೆ ತದ್ವಿರುದ್ಧ ಗಿಲ್ ಮೆಶ್. ಭುಜ ಹಾಳಾಗಿತ್ತು, ಆಪರೇಷನ್ ಮಾಡಿಸಿಕೊಂಡು ಸುಮ್ಮನೆ ಕೂತಿದ್ದರೂ 1.2 ಕೋಟಿ ಡಾಲರ್ ಬರ್ತಿತ್ತು. ಕೆಲಸ ಮಾಡದೆ ದುಡ್ಡು ಬೇಡ ಅಂತ 2011ರ ಜನವರಿಯಲ್ಲಿ ಬಿಟ್ಟೇ ಬಿಟ್ಟ. ಎಂಥ ಮನುಷ್ಯ ನೋಡಿ!

ಪುಟದಿಂದ ಒಂದು ಹೆಜ್ಜೆ ಒಳಗೆ ಹೋದರೆ ಪಂದ್ಯವಾರು ಸ್ಕೋರ್‌ಕಾರ್ಡ್ ಸಿಗುತ್ತೆ. ನೋಲನ್ ರಯಾನ್ 1993 ತನ್ನ ಕೊನೆಯ ವರ್ಷ ಅಂತ ಮೊದಲೇ ಹೇಳಿದ್ದ. ಸೆಪ್ಟೆಂಬರ್ 22, ಸಿಯಾಟಲ್. ಅವನ ಹೆಸರಿನ ಮುಂದೆ ಇನ್ನಿಂಗ್ಸ್ ಕಾಲಂನಲ್ಲಿ ಸೊನ್ನೆ. ಒಬ್ಬನನ್ನೂ ಔಟ್ ಮಾಡಲಿಲ್ಲ, ನಾಲ್ಕು ವಾಕ್ (ಕೆಟ್ಟ ಎಸೆತಗಳಿಂದ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್), ಒಂದು ಗ್ರ್ಯಾಂಡ್ ಸ್ಲ್ಯಾಮ್ (ಒಂದೇ ಹೊಡೆತಕ್ಕೆ ನಾಲ್ಕು ರನ್). 46ನೇ ವಯಸ್ಸಿನಲ್ಲಿ, 5,714 ಸ್ಟ್ರೈಕ್‌ಔಟ್ ಆದ ಮೇಲೆ, ಮೊಣಕೈಯ ಅಸ್ಥಿರಜ್ಜು (ಲಿಗಮೆಂಟ್) ಹರಿದು ಕೈಕೊಟ್ಟಿತು. ಇಷ್ಟೂ ಆದದ್ದು ಮೊದಲ ಇನ್ನಿಂಗ್ಸ್‌ನಲ್ಲೇ.

ಅದೇ ಅಸ್ಥಿರಜ್ಜು ಹೋದವನು ಟಾಮಿ ಜಾನ್. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಅವನ ಬಲಗೈಯಿಂದ ಸ್ನಾಯುರಜ್ಜು (ಟೆಂಡನ್) ತೆಗೆದು ಎಡ ಮೊಣಕೈಗೆ ಕಟ್ಟಿದರು. ಪುಟದಲ್ಲಿ 1975ಕ್ಕೆ ಅಂಕಿಯೇ ಇಲ್ಲ. 1976ರಿಂದ ಮತ್ತೆ ಶುರು, 1989ರವರೆಗೆ, 164 ಗೆಲುವು. ಪಿಚರ್‌ಗಳ ನಿವೃತ್ತಿ ವಯಸ್ಸಿನ ಬಗ್ಗೆ ಮಾತಾಡುವವರು ಆ ಖಾಲಿ ವರ್ಷವನ್ನೊಮ್ಮೆ ನೋಡಬೇಕು.

ಕೊರತೆ ಅಂದರೆ ಎಸೆತದ ವೇಗ. ಆ ಮುಖ್ಯ ಪಟ್ಟಿಯಲ್ಲಿ ಅದು ಇಲ್ಲ. ಅದಕ್ಕೆ ಲೀಗ್‌ನವರದೇ ಬೇಸ್‌ಬಾಲ್ ಸವಾಂತ್ ಅನ್ನೋ ಸೈಟ್ ಇದೆ, ಅದೂ ಪುಕ್ಕಟೆ. ಕ್ಲೇಟನ್ ಕರ್ಷಾ 2025ರಲ್ಲಿ 11 ಗೆದ್ದು 2 ಸೋತು 37ನೇ ವಯಸ್ಸಿಗೆ ನಿಲ್ಲಿಸಿದ. ಫಾಸ್ಟ್‌ಬಾಲ್ ಗಂಟೆಗೆ 89 ಮೈಲಿ ಆಸುಪಾಸಿಗೆ ಇಳಿದಿತ್ತು ಅನ್ನೋದು ಗೊತ್ತಾಗೋದು ಸವಾಂತ್‌ನಲ್ಲೇ. ಜೇಮಿ ಮೋಯರ್ ಥರದವರು ಬೇರೆ ಬಿಡಿ, ಮೊದಲಿನಿಂದಲೂ ವೇಗ ನಂಬಿಕೊಂಡವನಲ್ಲ, 2012ರಲ್ಲಿ 49 ವಯಸ್ಸಿಗೂ ಗೆದ್ದ.

ನನ್ನ ಅಂಕ ಐದಕ್ಕೆ ನಾಲ್ಕು. ದೊಡ್ಡ ಪರದೆಯಲ್ಲೇ ನೋಡಿ, ಪಟ್ಟಿ ಅಗಲ ಜಾಸ್ತಿ. ಸ್ಟ್ಯಾಟ್‌ಹೆಡ್ ಅನ್ನೋ ದುಡ್ಡಿನ ಸೇವೆಯೂ ಇವರದೇ. ನಲವತ್ತು ದಾಟಿದ ಮೇಲೆ 200 ಇನ್ನಿಂಗ್ಸ್ ಎಸೆದವರು ಯಾರ್ಯಾರು ಅಂತ ಹುಡುಕುವ ಹುಚ್ಚಿದ್ದರೆ ತಗೊಳ್ಳಿ, ಇಲ್ಲದಿದ್ದರೆ ಬೇಡ.