ಬಿಸಿಗೆ ಕೆಟ್ಟ ಇಸಿಯು ರಿಪೇರಿ: ಎರಡು ಬಳ್ಳಾರಿ ಬೇಸಿಗೆ ಕಳೆದ ಮೇಲೆ

ರೇಟಿಂಗ್: 5ಕ್ಕೆ 4

ಬೆಂಗಳೂರಿನ ಜೆ.ಸಿ. ರಸ್ತೆ ಹತ್ತಿರದ ಒಂದು ಚಿಕ್ಕ ಅಂಗಡಿಯಲ್ಲಿ ಮಾಡಿಸಿದ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ರಿಪೇರಿ ಇದು. ಗಾಡಿ ಹತ್ತು ವರ್ಷ ದಾಟಿದ ಡೀಸೆಲ್ ಹ್ಯಾಚ್‌ಬ್ಯಾಕ್. ಓಡಾಟ ಜಾಸ್ತಿ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಕಡೆ. ಇಂಥ ರಿಪೇರಿಗೆ ಮರುವಾರವೇ ವಿಮರ್ಶೆ ಬರೆದರೆ ಪ್ರಯೋಜನ ಇಲ್ಲ. ಬಿಸಿಗೆ ಕೈಕೊಡುವ ಇಸಿಯು ಜನವರಿಯಲ್ಲಿ ಯಾರು ಮುಟ್ಟಿದರೂ ಸರಿ ಹೋದ ಹಾಗೆ ಕಾಣುತ್ತದೆ. ಬಣ್ಣ ಬಯಲಾಗುವುದು ಏಪ್ರಿಲ್‌ನಲ್ಲಿ.

ಲಕ್ಷಣ ಹೀಗಿತ್ತು. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಮಧ್ಯಾಹ್ನದ ಬಿಸಿಲಲ್ಲಿ ಸ್ವಲ್ಪ ದೂರ ಹೋದರೆ ಸಾಕು, ದಿಢೀರಂತ ಆಫ್. ಬಾನೆಟ್ ಎತ್ತಿ ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಮತ್ತೆ ಸ್ಟಾರ್ಟ್. ಊರಿನ ಗ್ಯಾರೇಜ್‌ನಲ್ಲಿ ಮೊದಲು ಇಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಬದಲಾಯಿಸಿದರು. ಅವರನ್ನು ದೂರುವ ಹಾಗಿಲ್ಲ, ಆ ಸೆನ್ಸರ್ ಕೆಟ್ಟರೂ ಲಕ್ಷಣ ಇದೇ. ಆದರೆ ಗಾಡಿ ಆಫ್ ಆಗಿ ನಿಂತಿರುವಾಗಲೇ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿ ನೋಡಿದರೆ ಇಸಿಯು ಮಾತೇ ಆಡುತ್ತಿರಲಿಲ್ಲ. ಗಾಡಿಯ ಬೇರೆ ಕಂಪ್ಯೂಟರ್ ಮಾಡ್ಯೂಲ್‌ನಲ್ಲಿ ಯು0100 ಕೋಡ್. ಅಂದರೆ ಇಂಜಿನ್ ಕಂಪ್ಯೂಟರ್ ಜೊತೆ ಸಂಪರ್ಕ ತಪ್ಪಿದೆ. ಇಸಿಯುಗೆ ವೈರ್ ಕೂಡಿಸುವ ಕಪ್ಲರ್‌ಗೆ ಕರೆಂಟ್, ಅರ್ಥ್ ಎರಡೂ ಸರಿಯಾಗಿ ಬರುತ್ತಿದ್ದವು. ಈ ಎರಡನ್ನು ನೋಡದೆ ಯಾರೂ ಇಸಿಯು ಬಿಚ್ಚಬೇಡಿ.

ಹೊಸದಕ್ಕೆ ಕೇಳಿದ ಬೆಲೆ ಗಾಡಿಯ ಮಾರಾಟ ಬೆಲೆಯ ಕಾಲು ಭಾಗಕ್ಕಿಂತ ಜಾಸ್ತಿ ಇತ್ತು. ಗುಜರಿಯಲ್ಲಿ ಅದೇ ಪಾರ್ಟ್ ನಂಬರಿನದ್ದು ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೆ ತಂದು ಹಾಕಿದ ಕೂಡಲೇ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಕಳ್ಳತನ ತಡೆಯುವ ಇಮೊಬಿಲೈಸರ್‌ನ ಗುಟ್ಟಿನ ಕೋಡ್ ಹಳೆಯ ಇಸಿಯು ಒಳಗೇ ಇರುತ್ತದೆ. ನನ್ನಂಥ ಕಾಮನ್ ರೈಲ್ ಡೀಸೆಲ್‌ನಲ್ಲಿ ಡೀಸೆಲ್ ಚಿಮ್ಮಿಸುವ ಒಂದೊಂದು ಇಂಜೆಕ್ಟರಿನ ಕೋಡೂ ಅದರಲ್ಲೇ. ಅದನ್ನೆಲ್ಲ ಓದಿ ಇನ್ನೊಂದಕ್ಕೆ ತುಂಬಿಸುವವರು ಬೇಕು. ಹಾಗಾಗಿ ಹಳೆಯದನ್ನೇ ಬದುಕಿಸೋಣ ಅಂತ ಬೆಂಗಳೂರಿಗೆ ಒಯ್ದೆ.

ಅಂಗಡಿಯವರು ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಮುಟ್ಟುವ ಮೊದಲೇ ಒಳಗಿನ ಡೇಟಾ ಪೂರ್ತಿ ಓದಿ ಫೈಲ್ ಮಾಡಿಟ್ಟುಕೊಂಡರು. ನನಗೆ ನಂಬಿಕೆ ಬಂದಿದ್ದೇ ಅಲ್ಲಿ. ಆಮೇಲೆ ಮುಚ್ಚಳದ ಸುತ್ತಲಿನ ಕಪ್ಪು ಗೋಂದನ್ನು ಬಿಸಿ ಗಾಳಿಯಲ್ಲಿ ಮೆತ್ತಗೆ ಮಾಡಿ, ತೆಳ್ಳನೆ ಬ್ಲೇಡ್ ಆಡಿಸಿ ಎಬ್ಬಿಸಿದರು. ಭೂತಗನ್ನಡಿ ನನ್ನ ಕಡೆ ತಿರುಗಿಸಿ, "ಇಲ್ನೋಡಿ ಸಾರ್, ಕಪ್ಲರ್ ಪಿನ್ನು" ಅಂದರು. ಪಿನ್ ಸುತ್ತ ಸೋಲ್ಡರ್‌ನಲ್ಲಿ ಕೂದಲಿನಷ್ಟು ಸಣ್ಣ ಉಂಗುರದಂಥ ಬಿರುಕು. ಗ್ಯಾರೇಜ್ ಭಾಷೆಯಲ್ಲಿ ಡ್ರೈ ಸೋಲ್ಡರ್. ಬಿಸಿಯಾದಾಗ ಬೋರ್ಡ್ ಒಂದಷ್ಟು ಹಿಗ್ಗುತ್ತದೆ, ಪಿನ್ ಇನ್ನೊಂದಷ್ಟು. ತಣ್ಣಗಾದರೆ ಎರಡೂ ಮತ್ತೆ ಕುಗ್ಗುತ್ತವೆ. ವರ್ಷಗಟ್ಟಲೆ ಹೀಗೆ ಎಳೆದಾಡಿದರೆ ಸೋಲ್ಡರ್ ಬಿಡದೆ ಇನ್ನೇನು? ಪಕ್ಕದಲ್ಲೇ ದಪ್ಪ ಕೆಪಾಸಿಟರ್ ಒಂದರ ತಲೆ ಉಬ್ಬಿತ್ತು. ಇಂಜೆಕ್ಟರ್ ತೆರೆಯಲು 12 ವೋಲ್ಟ್ ಸಾಲದು. ಅದನ್ನು ಹಲವು ಪಟ್ಟು ಏರಿಸಿ ಕೂಡಿಡುವ ಕೆಪಾಸಿಟರ್ ಅದು. ಇಂಥ ಕೆಪಾಸಿಟರ್‌ಗೆ ಬಿಸಿ 10 ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಎಲೆಕ್ಟ್ರಾನಿಕ್ಸ್‌ನವರ ಹಳೆಯ ಲೆಕ್ಕ.

ಬಿರುಕಿಗೆ ಮತ್ತೆ ಸೋಲ್ಡರ್ ಹಾಕಿ, ಕೆಪಾಸಿಟರ್ ಹೊಸದು ಹಾಕಿದರು. ಜೊತೆಗೆ ಬದಲಾಯಿಸಿದ ಇಂಜೆಕ್ಟರ್ ಡ್ರೈವರ್ ಚಿಪ್ (ಇಂಜೆಕ್ಟರ್ ತೆರೆಸಿ ಮುಚ್ಚಿಸುವ ಚಿಪ್) ಮಾತ್ರ ಗುಜರಿ ಇಸಿಯು ಒಂದರಿಂದ ಕಿತ್ತದ್ದು. ಸೆಕೆಂಡ್ ಹ್ಯಾಂಡ್ ಚಿಪ್ ಅಂದಾಗ ನನಗೆ ಅಳುಕಿತ್ತು. ಆ ದಾನಿ ಬೋರ್ಡ್‌ನ ಕಪ್ಲರ್ ಕರಗಿ ಮುದ್ದೆಯಾಗಿತ್ತು, ಆದರೆ ಚಿಪ್ ಇದ್ದ ಮೂಲೆಗೆ ಬಿಸಿ ತಾಗಿರಲಿಲ್ಲ. ಅದನ್ನು ತೋರಿಸಿಯೇ ಕಿತ್ತರು. ಬೋರ್ಡೇ ಸುಟ್ಟು ಕರಿ ಹಿಡಿದಿದ್ದರೆ ಮಾತ್ರ ಅವರು ಮುಟ್ಟುವುದಿಲ್ಲವಂತೆ. ಒಳಪದರದ ತಾಮ್ರದ ಗೆರೆಗಳು ಹೋಗಿರುತ್ತವೆ, ಕರಿಯ ಮೂಲಕವೂ ಕರೆಂಟ್ ಹರಿಯುತ್ತದೆ. ಇದು ಸರಿಯಾದ ಕ್ರಮ. ಎಲ್ಲವನ್ನೂ ಸರಿ ಮಾಡಿಕೊಡುತ್ತೇನೆ ಅನ್ನುವವರ ಹತ್ತಿರ ನಾನಂತೂ ಹೋಗುವುದಿಲ್ಲ.

ಕೊನೆಗೆ ಬಿಸಿ ಪರೀಕ್ಷೆ. ಬೆಂಚ್ ಮೇಲೆ ಕರೆಂಟ್ ಕೊಟ್ಟು, ಹೀಟರಿನಿಂದ ಬಿಸಿ ಮಾಡುತ್ತಾ, ಸ್ಕ್ಯಾನರ್‌ಗೆ ಇಸಿಯು ಉತ್ತರ ಕೊಡುತ್ತಲೇ ಇದೆಯಾ ಅಂತ ತುಂಬಾ ಹೊತ್ತು ನೋಡಿದರು. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ತೋರಿಸಿ "ಓಕೆ ಸಾರ್" ಅನ್ನುವ ಅಂಗಡಿಗಳೇ ಜಾಸ್ತಿ. ದುಡ್ಡು ಕೊಡುವ ಮುಂಚೆ ಈ ಪರೀಕ್ಷೆ ಕೇಳಿ.

ಅವರು ಕೇಳಿದ ಇನ್ನೊಂದು ಪ್ರಶ್ನೆ: "ಇಷ್ಟು ಬಿಸಿ ಆಗಿದ್ದಾದ್ರೂ ಯಾಕೆ?" ನೋಡಿದರೆ ಹಿಂದೆ ಯಾವುದೋ ಕೆಲಸಕ್ಕೆ ಬಿಚ್ಚಿದ್ದ ಶಾಖ ತಡೆಯುವ ತಗಡನ್ನು ಮತ್ತೆ ಹಾಕೇ ಇರಲಿಲ್ಲ. ರೇಡಿಯೇಟರ್ ಫ್ಯಾನಿನ ಎರಡನೇ ಸ್ಪೀಡೂ ಕೆಲಸ ಮಾಡುತ್ತಿರಲಿಲ್ಲ. ಎರಡನ್ನೂ ಊರಲ್ಲೇ ಸರಿ ಮಾಡಿಸಿದೆ. ಇದನ್ನು ಬಿಟ್ಟಿದ್ದರೆ ರಿಪೇರಿ ಒಂದು ಬೇಸಿಗೆಯೂ ತಡೆಯುತ್ತಿರಲಿಲ್ಲ ಅಂತಲೇ ನನ್ನ ಲೆಕ್ಕ.

ಈಗ ಎರಡು ಬೇಸಿಗೆ ದಾಟಿದೆ. ಮೇ ತಿಂಗಳ ಮಧ್ಯಾಹ್ನ ಎಸಿ ಹಾಕಿಕೊಂಡು ತೋರಣಗಲ್ಲು ಕಡೆ ಲಾರಿಗಳ ಹಿಂದೆ ತೆವಳಿದ್ದೇನೆ, ಒಮ್ಮೆಯೂ ಆಫ್ ಆಗಿಲ್ಲ. ಮೈಲೇಜ್, ಪಿಕಪ್ ಮೊದಲಿನ ಹಾಗೇ ಇವೆ.

ಒಂದು ಅಂಕ ಕಡಿಮೆ ಮಾಡಿದ್ದಕ್ಕೆ ಕಾರಣ ಸೀಲಿಂಗ್. ಮೊದಲ ಮಳೆಗಾಲದಲ್ಲೇ ಚೆಕ್ ಇಂಜಿನ್ ಲೈಟ್ ಬಂತು. ಮುಚ್ಚಳದ ಒಂದು ಮೂಲೆಯಲ್ಲಿ ಗೋಂದು ಬಿಟ್ಟು ತೇವ ಒಳಗೆ ಹೋಗಿತ್ತು. ಪಾರ್ಸೆಲ್ ಕಳಿಸಿದೆ, ಬಿಟ್ಟಿಯಾಗಿಯೇ ಸರಿ ಮಾಡಿದರು. ಆದರೆ ಫೋನ್ ಎತ್ತುವುದಿಲ್ಲ, ಮೆಸೇಜಿಗೂ ಉತ್ತರ ಇಲ್ಲ. ಗಾಡಿ ಇಲ್ಲದೆ ಕೂತವನಿಗೆ ಅದು ಎಷ್ಟು ಉರಿಯುತ್ತದೆ ಅಂತ ಅವರಿಗೆ ಗೊತ್ತಿಲ್ಲ ಅನ್ನಿಸುತ್ತದೆ. ಆರು ತಿಂಗಳ ಗ್ಯಾರಂಟಿಯೂ ಅವರು ಮುಟ್ಟಿದ ಭಾಗಕ್ಕಷ್ಟೇ.

ದಿನಾ ಗಾಡಿ ಬೇಕೇ ಬೇಕು, ಬದಲಿ ವ್ಯವಸ್ಥೆ ಇಲ್ಲ ಅನ್ನುವವರು ಯೋಚಿಸಿ ಹೋಗಿ. ಹೋದರೆ ಬಿಚ್ಚಿದ ಹಳೆಯ ಕೆಪಾಸಿಟರ್, ಓದಿದ ಫೈಲಿನ ಕಾಪಿ ಎರಡನ್ನೂ ಕೇಳಿ ತೆಗೆದುಕೊಳ್ಳಿ. ನನ್ನ ಫೈಲ್ ಪೆನ್ ಡ್ರೈವ್‌ನಲ್ಲಿ ಹಾಕಿಕೊಟ್ಟರು, ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ.