ಮಿಲ್ಕ್ ಪೇಂಟ್ ಪುಡಿ: ಹೊಸ ಮರಕ್ಕೆ ಸೈ, ವಾರ್ನಿಶ್ ಮರಕ್ಕೆ ಬೇಡ

ನೀರಲ್ಲಿ ಕಲಸಿ ಮರಕ್ಕೆ ಹಚ್ಚುವ ಪೇಂಟ್ ಪುಡಿ ಇದು, ಆನ್‌ಲೈನ್‌ನಲ್ಲಿ ತರಿಸಿದ್ದು, ಇಟ್ಟಿಗೆ ಕೆಂಪು ಬಣ್ಣದ್ದು. ಒಳಗಿರುವುದು ಕೇಸೀನ್ ಎಂಬ ಹಾಲಿನ ಪ್ರೋಟೀನ್, ಸುಣ್ಣ, ಮಣ್ಣಿನ ಬಣ್ಣ, ಅಷ್ಟೇ. ವಿನೋಬನಗರದ ನಮ್ಮ ಬಡಗಿ ಕೇಳಿ ನಕ್ಕರು. "ಸುಣ್ಣ ಬಳಿಯೋಕೆ ಇಷ್ಟು ದುಡ್ಡಾ ಸಾರ್?" ಬೆಲೆ ಬಗ್ಗೆ ಅವರು ಹೇಳಿದ್ದು ಸರಿ. ಎನಾಮಲ್‌ಗಿಂತ ಬಹಳ ದುಬಾರಿ.

ಅವರೇ ಮಾಡಿಕೊಟ್ಟ ಸಿಲ್ವರ್ ಓಕ್ ಸ್ಟೂಲಿಗೆ ಹಚ್ಚಿದೆ. ಮೊದಲು ಒದ್ದೆ ಬಟ್ಟೆಯಲ್ಲಿ ಮರ ಒರೆಸಿ, ಒಣಗಿದ ಮೇಲೆ ಎದ್ದ ನಾರನ್ನು 220 ನಂಬರ್ ಸ್ಯಾಂಡ್ ಪೇಪರ್‌ನಿಂದ ಉಜ್ಜಬೇಕು. ಪುಡಿ ಎಷ್ಟೋ ನೀರೂ ಅಷ್ಟೇ. ಕಲಸಿ ಸ್ವಲ್ಪ ಹೊತ್ತು ಬಿಟ್ಟು, ಹಳೇ ಪಂಚೆಯಲ್ಲಿ ಸೋಸಿದರೆ ಗಂಟು ಹೋಗುತ್ತದೆ. ಬಣ್ಣ ತಳಕ್ಕೆ ಇಳಿಯುತ್ತಾ ಇರುತ್ತದೆ, ಆಗಾಗ ಕದಡುತ್ತಿರಿ. ಕಲಸಿದ್ದನ್ನು ಅವತ್ತೇ ಮುಗಿಸಬೇಕು, ಹಾಲು ತಾನೇ, ಕೆಡುತ್ತದೆ. ದಾವಣಗೆರೆ ಬಿಸಿಲಲ್ಲಂತೂ ಕೇಳಲೇಬೇಡಿ!

ಮೊದಲ ಕೋಟ್ ನೋಡಿ ಗಾಬರಿಯಾಗಬೇಡಿ. ಒಂದು ಕಡೆ ದಟ್ಟ, ಇನ್ನೊಂದು ಕಡೆ ಮರವೇ ಕಾಣುತ್ತದೆ. ಎರಡನೇ ಕೋಟಿಗೆ ಎಲ್ಲ ಒಂದೇ ಸಮ ಆಗುತ್ತದೆ. ಏಪ್ರಿಲ್ ಸೆಕೆಗೆ ಬ್ರಷ್ ಎಳೆಯುವಷ್ಟರಲ್ಲೇ ಒಣಗುತ್ತಿತ್ತು, ಹಾಗಾಗಿ ಬೆಳಿಗ್ಗೆ ಬೇಗ ಮುಗಿಸಿದೆ. ಟರ್ಪೆಂಟೈನ್ ವಾಸನೆ ಸುತರಾಂ ಇಲ್ಲ. ಉಬ್ಬಸ ಇರುವ ಅಮ್ಮ ಅದೇ ಪಡಸಾಲೆಯಲ್ಲಿ ಕೂತು 'ಜನತಾವಾಣಿ' ಓದುತ್ತಿದ್ದರು. ನನಗೆ ದುಡ್ಡು ದಕ್ಕಿದ್ದು ಅಲ್ಲೇ.

ಒಣಗಿದ ಮೇಲೆ ಸುಣ್ಣ ಬಳಿದಂಥ ಮಂಕು ಕೆಂಪು. ಹಾಗೇ ಬಿಟ್ಟರೆ ನೀರಿನ ಹನಿ ಬಿದ್ದಲ್ಲೆಲ್ಲ ಕಲೆ. ಮೇಲೆ ಅಗಸೆ ಎಣ್ಣೆ ಒರೆಸಿದೆ ನೋಡಿ, ಬಣ್ಣ ಥಟ್ಟನೆ ಗಾಢವಾಗಿ ಮರದ ಗೆರೆಗಳು ಒಳಗಿಂದ ಎದ್ದು ಕಂಡವು. ಎನಾಮಲ್‌ನಲ್ಲಿ ಇದು ಸಿಗುವುದಿಲ್ಲ. ಎಣ್ಣೆ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬೇಡಿ, ತಾನಾಗೇ ಬೆಂಕಿ ಹತ್ತಬಹುದು. ಹರಡಿ ಒಣಗಿಸಿ.

ನನ್ನ ತಕರಾರು ಒಂದೇ. "ಯಾವ ಮರಕ್ಕಾದರೂ ಸರಿ" ಅಂತ ಮಾರುತ್ತಾರೆ. ವಾರ್ನಿಶ್ ಇರುವ ಹಳೇ ತೇಗದ ಕುರ್ಚಿಯ ಒಂದು ಕಾಲಿಗೆ ಹಚ್ಚಿ ನೋಡಿದೆ, ಒಣಗಿ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಅದಕ್ಕೆ ಬೇರೆ ಅಂಟು ದ್ರವ ಬೆರೆಸಬೇಕಂತೆ, ಅದರ ದುಡ್ಡು ಬೇರೆ. ಮೊದಲೇ ಹೇಳಬಾರದಾ?

ಇನ್ನೊಂದು ವಿಷಯ. ಡಬ್ಬಿಯಲ್ಲಿ ಕಲಸಿಯೇ ಬರುವ ಕೆಲವು 'ಮಿಲ್ಕ್ ಪೇಂಟ್'ಗಳಲ್ಲಿ ಹಾಲೇ ಇರುವುದಿಲ್ಲ, ಅದು ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್ ಜಾತಿಯ ಪೇಂಟ್. ಕೊಳ್ಳುವಾಗ ಪುಡಿನಾ ಅಂತ ನೋಡಿ, ಚಿಕ್ಕ ಪ್ಯಾಕೆಟ್ಟೇ ತಗೊಳ್ಳಿ. ಒಂದು ಸ್ಟೂಲಿಗೆ ಅದು ಧಾರಾಳ.