ಮಿಡಲ್‌ಬರ್ಗ್ ಒಳ್ಳೇದಾ, ಲಾಸ್ ಒಲಿವೋಸ್ ಒಳ್ಳೇದಾ?

ನಾವಿರುವುದು ವರ್ಜೀನಿಯಾದ ಆಶ್‌ಬರ್ನ್‌ನಲ್ಲಿ. ಮಿಡಲ್‌ಬರ್ಗ್ ಇಲ್ಲಿಂದ ಅರ್ಧ ಗಂಟೆ, ಅಷ್ಟೇ. ತಂಗಿ ಲಾಸ್ ಏಂಜಲೀಸ್‌ನಲ್ಲಿದ್ದಾಳೆ. ಅವಳ ಮನೆಯಿಂದ ಲಾಸ್ ಒಲಿವೋಸ್‌ಗೆ ಎರಡೂವರೆ ಗಂಟೆ. ಎರಡೂ ಚಿಕ್ಕ ಊರು, ಎರಡರ ಸುತ್ತಲೂ ಕುದುರೆ ಮತ್ತು ದ್ರಾಕ್ಷಿ. ಹೋದ ವರ್ಷ ಮಂಡ್ಯದಿಂದ ಅಮ್ಮ ಬಂದಿದ್ದರು. ಒಂದೇ ತಿಂಗಳಲ್ಲಿ ಎರಡನ್ನೂ ತೋರಿಸಿದೆವು.

ಮೊದಲೇ ಹೇಳಿಬಿಡುತ್ತೇನೆ: ಮಿಡಲ್‌ಬರ್ಗ್ ಕುದುರೆಯ ಊರು, ವೈನ್ ಆಮೇಲೆ ಬಂದದ್ದು. ಲಾಸ್ ಒಲಿವೋಸ್ ಈಗ ಪೂರ್ತಿ ವೈನಿನ ಊರು, ಕುದುರೆ ಬೇಲಿಯಾಚೆ. ನಿಮ್ಮ ಜೊತೆ ಬರುವವರು ಯಾರು ಎನ್ನುವುದರ ಮೇಲೆ ಊರು ಆರಿಸಿಕೊಳ್ಳಿ.

ಮಿಡಲ್‌ಬರ್ಗ್‌ಗೆ 50ನೇ ನಂಬರ್ ರಸ್ತೆ. ಆಲ್ಡಿ ಎಂಬ ಹಳ್ಳಿ ದಾಟಿದರೆ ಕಲ್ಲು ಪೇರಿಸಿದ ಮೋಟುಗೋಡೆಗಳು, ಅದರಾಚೆ ಹುಲ್ಲುಗಾವಲು, ಮೇಯುವ ಕುದುರೆಗಳು. 1787ರಲ್ಲಿ ಲೆವೆನ್ ಪೊವೆಲ್ ಎಂಬಾತ ಕಟ್ಟಿದ ಊರು. ಅಲೆಕ್ಸಾಂಡ್ರಿಯಾಕ್ಕೂ ವಿಂಚೆಸ್ಟರ್‌ಗೂ ನಡುವೆ ಇದೆ, ಅದಕ್ಕೇ ಆ ಹೆಸರು. ಅಲ್ಲಿನ ರೆಡ್ ಫಾಕ್ಸ್ ಇನ್ ಎಂಬ ತಂಗುಮನೆ ಊರಿಗಿಂತಲೂ ಹಳೆಯದು, 1728ರದ್ದು. ನರಿ ಬೇಟೆಯ ಸೀಮೆಯಲ್ವಾ, ಬೋರ್ಡಿನಲ್ಲಿ, ಟೀ ಕಪ್ಪಿನಲ್ಲಿ, ದಿಂಬಿನ ಕವರಿನಲ್ಲಿ ಎಲ್ಲೆಲ್ಲೂ ನರಿ. "ಇಷ್ಟೊಂದು ಪ್ರೀತಿ ಇದ್ದವರು ಅಟ್ಟಾಡಿಸೋದ್ಯಾಕೆ?" ಅಂದರು ಅಮ್ಮ.

ಊರಲ್ಲಿ ನಮಗೆ ಅತಿ ಹಿಡಿಸಿದ್ದು ನ್ಯಾಷನಲ್ ಸ್ಪೋರ್ಟಿಂಗ್ ಲೈಬ್ರರಿಯ ಮುಂದಿನ ಕಂಚಿನ ಕುದುರೆ. ಬೇರೆ ಕಡೆ ಯುದ್ಧದ ಕುದುರೆ ಎಂದರೆ ಮುಂಗಾಲೆತ್ತಿ ಕೆನೆಯುತ್ತಿರುತ್ತದೆ, ಮೇಲೊಬ್ಬ ಸೇನಾಪತಿ. ಇದು ಹಾಗಿಲ್ಲ. ತಲೆ ತಗ್ಗಿಸಿ ನಿಂತಿದೆ, ಪಕ್ಕೆಲುಬು ಎಣಿಸಬಹುದು. ಬೆನ್ನ ಮೇಲೆ ಜೀನು ಇದೆ, ಸವಾರ ಇಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಹತವಾದ, ಗಾಯಗೊಂಡ, ಕಾಯಿಲೆಯಿಂದ ಸತ್ತ ಸುಮಾರು 15 ಲಕ್ಷ ಕುದುರೆ, ಹೇಸರಗತ್ತೆಗಳ ನೆನಪಿಗೆ ನಿಲ್ಲಿಸಿದ್ದು. ಅಮ್ಮನ ತವರು ಮದ್ದೂರು ತಾಲೂಕು. "ನಮ್ಮ ಆತಕೂರಲ್ಲಿ ನಾಯಿಗೆ ಕಲ್ಲು ನೆಟ್ಟಿದ್ದರಲ್ಲ, ಹಂಗೆ" ಅಂದರು. ಕಾಡುಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ಹತ್ತನೇ ಶತಮಾನದಲ್ಲಿ ನೆಟ್ಟ ವೀರಗಲ್ಲು ಅದು. ಆ ಕುದುರೆ ಮುಂದೆ ಅವರು ಕಾಲು ಗಂಟೆ ನಿಂತಿದ್ದರು.

ಇಲ್ಲಿ ತೊಂದರೆ ವೈನಿನದು. ವೈನರಿಗಳು ಹೆಚ್ಚಾಗಿ ಊರಾಚೆ, ತೋಟಗಳಲ್ಲಿ. ಯಾರಾದರೊಬ್ಬರು ಕುಡಿಯದೆ ಕಾರು ಓಡಿಸಲೇಬೇಕು. ನನ್ನ ಪಾಲಿಗೆ ಅದೇ ಬಂತು. ಗಂಡ ನಾರ್ಟನ್ ಎಂಬ ಕೆಂಪು ವೈನ್ ಕುಡಿದು ಹೊಗಳಿದ್ದೇ ಹೊಗಳಿದ್ದು. ವರ್ಜೀನಿಯಾದ್ದೇ ದ್ರಾಕ್ಷಿ ತಳಿ, ಇಲ್ಲಿನ ಸೆಕೆ, ತೇವ ತಡೆದುಕೊಳ್ಳುತ್ತದೆ. ನಾನು ಒಂದು ಗುಟುಕು ರುಚಿ ನೋಡಿದೆ. ಕಡು ಬಣ್ಣ, ಹುಳಿ ಸ್ವಲ್ಪ ಜಾಸ್ತಿ.

ಲಾಸ್ ಒಲಿವೋಸ್‌ನಲ್ಲಿ ಈ ಗೋಳಿಲ್ಲ. ಗ್ರಾಂಡ್ ಅವೆನ್ಯೂ ನಡುವೆ ಒಂದು ಧ್ವಜಸ್ತಂಭ. ಅಲ್ಲಿ ಕಾರು ನಿಲ್ಲಿಸಿ ಇಳಿದರೆ ಸಾಕು, ವೈನ್ ರುಚಿ ನೋಡುವ ಕೋಣೆಗಳು ಒಂದರ ಪಕ್ಕ ಒಂದು. ನಾವು ಅಂಥ ಮೂರು ಕೋಣೆಗಳಿಗೆ ಹೋದೆವು, ತಲೆಗೆ ಸುಮಾರು 25 ಡಾಲರ್. ಸೀರಾ, ಗ್ರೆನಾಶ್ ಎಂಬ ಕೆಂಪು ವೈನ್‌ಗಳು ಇಲ್ಲಿ ಚೆನ್ನ. ಕಣಿವೆ ಪೂರ್ವ-ಪಶ್ಚಿಮವಾಗಿ ಸಮುದ್ರದ ಕಡೆ ತೆರೆದುಕೊಂಡಿದೆ. ಹಾಗಾಗಿ ಹಗಲೆಲ್ಲ ಬಿಸಿಲು, ಸಂಜೆಗೆ ತಣ್ಣನೆ ಗಾಳಿ. ಶಾಲು ಮರೆತು ಹೋಗಿ ನಡುಗಿದೆ.

ವೈನಿನ ಮಟ್ಟಿಗೆ ಇದೇ ಗೆದ್ದಿತು, ಅನುಮಾನವೇ ಇಲ್ಲ. ಆದರೆ ಕುಡಿಯದವರಿಗೆ? ಅಮ್ಮ ಬೆಂಚಿನ ಮೇಲೆ ಕೂತು ಕೂತು ಬೇಜಾರಾದರು. ಕುದುರೆ ಫಾರಂಗಳು ರಸ್ತೆಬದಿಯಲ್ಲಿ ಕಂಡವು, ಕಾರಿನ ಕಿಟಕಿಯಿಂದ ನೋಡಿದ್ದಷ್ಟೇ. 1886ರ ಮ್ಯಾಟೀಸ್ ಟ್ಯಾವರ್ನ್ ಹಿಂದೆ ಕುದುರೆ ಸಾರೋಟು ನಿಲ್ಲುವ ತಂಗುದಾಣವಾಗಿತ್ತು. ಹೊರಗಿನಿಂದ ನೋಡಿ ಬಂದೆವು.

ಅವತ್ತು ನಮ್ಮನ್ನು ಕಾಪಾಡಿದ್ದು ಪಕ್ಕದ ಸೊಲ್ವಾಂಗ್, 1911ರಲ್ಲಿ ಡೆನ್ಮಾರ್ಕ್ ಮೂಲದವರು ಕಟ್ಟಿದ ಊರು. ಅಲ್ಲಿ ಎಬಲ್‌ಸ್ಕಿವರ್ ಎಂಬ ತಿಂಡಿ ಮಾರುತ್ತಾರೆ. ನೋಡಿದರೆ ನಮ್ಮ ಪಡ್ಡು! ಅದೇ ಗುಳಿ ಕಾವಲಿ, ಅದೇ ಕಡ್ಡಿಯಲ್ಲಿ ತಿರುವಿ ಹಾಕುವುದು. ಮೇಲೆ ಸಕ್ಕರೆ ಪುಡಿ, ಕೆಂಪು ಜಾಮು. ಮೊಟ್ಟೆ ಹಾಕುತ್ತಾರೆಂದು ಅಮ್ಮ ತಿನ್ನಲಿಲ್ಲ. ಅಂಗಡಿಯಲ್ಲಿ ಕಾವಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೆಲೆ ಕೇಳಿ ಅಲ್ಲೇ ಇಟ್ಟರು. "ಬರೀ ಏಳು ಗುಳಿ. ನಮ್ಮನೇದರಲ್ಲಿ ಹನ್ನೆರಡಿದೆ."

ನಾಲ್ಕು ಜನ ಸ್ನೇಹಿತರು, ಎಲ್ಲರೂ ಕುಡಿಯುವವರೇ ಎಂದರೆ ಲಾಸ್ ಒಲಿವೋಸ್‌ಗೆ ಹೋಗಿ, ರಾತ್ರಿ ಅಲ್ಲೇ ಉಳಿಯಿರಿ. ಅಪ್ಪ ಅಮ್ಮ, ಮಕ್ಕಳಿದ್ದರೆ ಮಿಡಲ್‌ಬರ್ಗ್. ಡಿಸೆಂಬರ್ ಮೊದಲ ಶನಿವಾರವಾದರೆ ಕೆಂಪು ಕೋಟಿನ ಸವಾರರು ಬೇಟೆನಾಯಿಗಳ ಹಿಂಡಿನ ಜೊತೆ ಪೇಟೆಬೀದಿಯಲ್ಲೇ ಹಾದುಹೋಗುತ್ತಾರೆ, ಮಕ್ಕಳು ಕುಣಿಯುತ್ತಾರೆ. ಆದರೆ ಅವತ್ತು ಬೆಳಗ್ಗೆ ಎಂಟಕ್ಕೇ ಊರೊಳಗಿರಿ. ನಾವು ಒಂದು ಸಲ ಹತ್ತೂವರೆಗೆ ಹೊರಟು, ಎಲ್ಲೋ ದೂರ ಕಾರು ನಿಲ್ಲಿಸಿ, ಚಳಿಯಲ್ಲಿ ನಡೆದು ಹೋದೆವು. ತಲುಪುವಷ್ಟರಲ್ಲಿ ಕುದುರೆಗಳೆಲ್ಲ ಹೋಗಿದ್ದವು. ರಸ್ತೆಯಲ್ಲಿ ಲದ್ದಿ ಮಾತ್ರ ಇತ್ತು.